ನಷ್ಟ ಧಣಿಯದು, ತಣ್ಣೀರು ಬಟ್ಟೆ ಆಳಿನದು

'ಪತ್ರಿಕೆ ನಷ್ಟದಲ್ಲಿದೆ.' ಯೂನಿಯನ್ನಿನವರು ಸಂಬಳದ ಮಾತೆತ್ತಿದ ಕೂಡಲೇ ಪತ್ರಿಕಾ ಧಣಿಗಳ ಬಾಯಿಂದ ಬರುವ ಮೊದಲ ಮಾತು ಇದು. ಕಾಗದ ತುಟ್ಟಿ, ಜಾಹೀರಾತೆಲ್ಲ ಮೊಬೈಲಿಗೆ ಹೋಯ್ತು, ಕೊಂಡು ಓದೋರು ಕಮ್ಮಿಯಾದರು ಅಂತಾರೆ. ಇರಬಹುದು. ಕಷ್ಟವೇ ಇಲ್ಲ ಅಂತ ನಾವೇನೂ ಹಟ ಹಿಡಿಯೋದಿಲ್ಲ. ನಮ್ಮ ಪ್ರಶ್ನೆ ಒಂದೇ. ನಷ್ಟ ಅಂತೀರಲ್ಲ, ಲೆಕ್ಕದ ಪುಸ್ತಕ ಎಲ್ಲಿ? ಲಾಭ ಬಂದ ವರ್ಷ ಅದು ಧಣಿಯ ಬುದ್ಧಿವಂತಿಕೆ. ನಷ್ಟ ಬಂದ ವರ್ಷ ಮಾತ್ರ 'ನಾವೆಲ್ಲ ಒಂದೇ ಕುಟುಂಬ'. ಇದ್ಯಾವ ಸೀಮೆ ಕುಟುಂಬ ಸ್ವಾಮಿ?

ಈ ವಾದ ಹೊಸದಲ್ಲ. 1955ರಲ್ಲಿ ಕಾರ್ಯನಿರತ ಪತ್ರಕರ್ತರ ಕಾಯ್ದೆ ಬಂತು. ಅದರ ಕೆಳಗೆ ನೇಮಕವಾದ ಮೊದಲ ವೇತನ ಮಂಡಳಿ ಸಂಬಳ ಗೊತ್ತು ಮಾಡಿತು. ಧಣಿಗಳು ಸುಪ್ರೀಂ ಕೋರ್ಟಿಗೆ ಹೋದರು. ಮಾಲೀಕರಿಗೆ ಕೊಡುವ ಶಕ್ತಿ ಇದೆಯೋ ಇಲ್ಲವೋ ಎಂಬುದನ್ನು ಮಂಡಳಿ ನೋಡಿಲ್ಲವೆಂದು 1958ರಲ್ಲಿ ಕೋರ್ಟು ಆ ತೀರ್ಮಾನವನ್ನೇ ರದ್ದು ಮಾಡಿತು. ಕೊಡೋನ ಶಕ್ತಿ ಅಳೆಯೋದಕ್ಕೆ ತಕ್ಕಡಿ ಅವತ್ತೇ ಸಿದ್ಧವಾಯ್ತು. ದುಡಿಯೋನ ಹಸಿವು ಅಳೆಯೋ ತಕ್ಕಡಿ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಕೊನೆಯ ಮಂಡಳಿ ಮಜೀಥಿಯಾ ಅವರದು. ಅದರ ಶಿಫಾರಸನ್ನು ಸರ್ಕಾರ 2011ರ ನವೆಂಬರಿನಲ್ಲಿ ಪ್ರಕಟಿಸಿತು. ಧಣಿಗಳು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದರು. 2014ರ ಫೆಬ್ರವರಿ 7ರಂದು ಸುಪ್ರೀಂ ಕೋರ್ಟು ಶಿಫಾರಸನ್ನು ಎತ್ತಿಹಿಡಿದು, ಬಾಕಿಯನ್ನು ಒಂದು ವರ್ಷದೊಳಗೆ ನಾಲ್ಕು ಕಂತಿನಲ್ಲಿ ಕೊಡಿ ಎಂದಿತು. ಕೊಟ್ಟರಾ? ಹಳೇ ಸಂಬಳವೇ ಸಾಕೆಂದು ನೌಕರ ತಾನಾಗಿ ಆರಿಸಿಕೊಳ್ಳಬಹುದೆಂಬ ಒಂದು ಕಂಡಿಕೆ, 20(ಜೆ), ಅದರಲ್ಲಿತ್ತು. ಅದನ್ನೇ ಹಿಡಿದುಕೊಂಡು ಎಷ್ಟೋ ಪತ್ರಿಕೆಗಳಲ್ಲಿ ನೌಕರರಿಂದ ಸಹಿ ಹಾಕಿಸಿಕೊಂಡರು. ಜಾಸ್ತಿ ಸಂಬಳ ನನಗೆ ಬೇಡಪ್ಪಾ ಅಂತ ಯಾವ ಹೆಂಡತಿಮಕ್ಕಳಿರೋನು ತಾನಾಗಿ ಬರೆದುಕೊಡ್ತಾನೆ?

2017ರ ಜೂನ್ 19ರಂದು ಕೋರ್ಟು ಇದನ್ನು ಒಪ್ಪಲಿಲ್ಲ. ಮಂಡಳಿ ಗೊತ್ತು ಮಾಡಿದ್ದಕ್ಕಿಂತ ಕಡಿಮೆಗೆ ಸಹಿ ಹಾಕಿಸಿಕೊಂಡರೆ ನಡೆಯೋದಿಲ್ಲ, ಕಾಂಟ್ರ್ಯಾಕ್ಟಿನವರಿಗೂ ಈ ಸಂಬಳ ಸಲ್ಲಬೇಕು, ಬರೀ ಹಣದ ಅಡಚಣೆ ಬೇರೆ, ಮಂಡಳಿ ಹೇಳಿದ ವರ್ಷ ವರ್ಷದ ಭಾರೀ ನಗದು ನಷ್ಟ ಬೇರೆ ಎಂದಿತು. ಒಳ್ಳೇ ಮಾತು. ಆದರೆ ಧಣಿಗಳು ಬೇಕಂತಲೇ ಮೀರಿದ್ದಲ್ಲ ಎಂದು ನ್ಯಾಯಾಂಗ ನಿಂದನೆಯಿಂದ ಬಿಟ್ಟುಬಿಟ್ಟಿತು. ಬಾಕಿ ಬೇಕಾದವರು ಕಾರ್ಮಿಕ ಇಲಾಖೆಗೆ, ಲೇಬರ್ ಕೋರ್ಟಿಗೆ ಅಲೆಯಬೇಕಾಯ್ತು. ನ್ಯಾಯ ಆಳಿಗೆ, ಬಿಡುಗಡೆ ಧಣಿಗೆ!

ಇನ್ನು 2025ರ ನವೆಂಬರ್ ನೋಡಿ. 17ನೇ ತಾರೀಖು ಕೇಂದ್ರ ಸರ್ಕಾರ ಪತ್ರಿಕೆಗಳಿಗೆ ಕೊಡುವ ಜಾಹೀರಾತಿನ ದರವನ್ನು ಶೇ. 26ರಷ್ಟು ಏರಿಸಿತು. ಅದೇ ವಾರ 21ನೇ ತಾರೀಖು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1955ರ ಕಾಯ್ದೆ ಸತ್ತಿತು. ಧಣಿಗೆ ತುಪ್ಪ, ಆಳಿಗೆ ತಿಥಿ. ಪತ್ರಿಕೆಗಳ ಕಷ್ಟ ನೋಡಿ ಕರಗಿದ ಸರ್ಕಾರದ ಕಣ್ಣಿಗೆ, ಆ ಪತ್ರಿಕೆಗಳಲ್ಲೇ ದುಡಿಯೋರು ಕಾಣಲಿಲ್ಲ.

ಗೆಳೆಯರೇ, ಧಣಿಗಳನ್ನು ಬಯ್ದು ಸುಮ್ಮನಾದರೆ ಸಾಲದು. ಯೂನಿಯನ್ನಿನ ಬೆನ್ನನ್ನೂ ನೋಡಬೇಕು. ಮಾತುಕತೆಯ ಮೇಜಿಗೆ ಯಾರು ಕೂತಿದ್ದಾರೆ, ಯಾರ ಪರವಾಗಿ ಕೂತಿದ್ದಾರೆ? ಹೋಬಳಿಯಿಂದ ಸುದ್ದಿ ಕಳಿಸುವ ಹುಡುಗನೇ ಬಹಳ ಕಡೆ ಪತ್ರಿಕೆಯ ಏಜೆಂಟ್, ಅವನೇ ಜಾಹೀರಾತು ತರೋನು. ಸಂಬಳ ಇಲ್ಲ, ಕಮಿಷನ್ನೇ ಗತಿ. ಕೇರಿಗೆ ಬೆಂಕಿ ಬಿದ್ದರೆ ಮೊದಲು ಓಡೋನು ಅವನು. ಆದರೆ ಜಾಹೀರಾತು ಕೊಡೋ ಗೌಡನ ವಿರುದ್ಧ ಅವನು ಹೇಗೆ ಬರೀಬೇಕು? ಅವನ ಹೊಟ್ಟೆಯ ಪ್ರಶ್ನೆಯೂ ನಮ್ಮ ಸುದ್ದಿಯ ಪ್ರಶ್ನೆಯೂ ಒಂದೇ. ಮೇಲೆ ನೋಡಿದರೆ ಇನ್ನೊಂದು ಕತೆ. ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ 2019ರಲ್ಲಿ ಸುದ್ದಿಮನೆಗಳ 121 ಮುಖ್ಯ ಹುದ್ದೆಗಳನ್ನು ಎಣಿಸಿದವು. 106ರಲ್ಲಿ ಮೇಲ್ಜಾತಿಯವರು. ದಲಿತರು, ಆದಿವಾಸಿಗಳು? ಒಬ್ಬರೂ ಇಲ್ಲ.

ಬೊಂಬಾಯಿ ಗಿರಣಿಗಳಲ್ಲಿ ನೂಲನ್ನು ಬಾಯಿಂದ ಒದ್ದೆ ಮಾಡಬೇಕಿತ್ತು. ಮೈಲಿಗೆಯೆಂದು ಅಸ್ಪೃಶ್ಯರನ್ನು ನೇಯ್ಗೆ ವಿಭಾಗಕ್ಕೆ ಬಿಡುತ್ತಿರಲಿಲ್ಲ. ಕೆಂಬಾವುಟದ ಯೂನಿಯನ್ನು ಇದನ್ನು ಯಾಕೆ ಕೇಳೋದಿಲ್ಲ ಎಂದು ಬಾಬಾಸಾಹೇಬರು ಕೇಳಿದರು. ಅವರೇನು ಯೂನಿಯನ್ ವಿರೋಧಿಯೇ? 1938ರ ನವೆಂಬರ್ 7ರಂದು ಮುಷ್ಕರದ ಹಕ್ಕು ಕಸಿಯುವ ಮಸೂದೆ ವಿರುದ್ಧ ಕಾರ್ಮಿಕರನ್ನು ಬೀದಿಗಿಳಿಸಿದವರು ಅವರು. ಯೂನಿಯನ್ನುಗಳನ್ನು ಮಾಲೀಕರು ಒಪ್ಪಲೇಬೇಕೆಂಬ ಮಸೂದೆಯನ್ನು 1943ರಲ್ಲಿ ಮಂಡಿಸಿದವರೂ ಅವರೇ. ಅವರು ಕೇಳಿದ್ದು ಜಾತಿ ಬಿಟ್ಟ ಯೂನಿಯನ್ನು.

ಕಾಂಟ್ರ್ಯಾಕ್ಟನ್ನು ಜೀತ ಅಂತ ಸುಲಭಕ್ಕೆ ಕರೆಯೋದು ನಮಗಾಗದು. ಜೀತ ಅಂದ್ರೇನು ಅಂತ ನಮ್ಮ ಅಪ್ಪಂದಿರ ಬೆನ್ನಿಗೆ ಗೊತ್ತು. ಆದರೆ ಎರಡರ ಸೂತ್ರ ಒಂದೇ: ಒಬ್ಬೊಬ್ಬರನ್ನೇ ಬೇರೆ ಮಾಡು, ಹೆಬ್ಬೆಟ್ಟು ಒತ್ತಿಸಿಕೋ.

ಈಗಿನ ಸಂಹಿತೆಯಲ್ಲಿ ಹಲವು ಯೂನಿಯನ್ನುಗಳಿರುವ ಕಡೆ, ಹಾಜರಿ ಪಟ್ಟಿಯ ನೂರಕ್ಕೆ 51 ಜನ ಜೊತೆಗಿದ್ದರೆ ಮಾತ್ರ ಒಂದು ಯೂನಿಯನ್ನು ತಾನೊಂದೇ ಮಾತುಕತೆಗೆ ಕೂರಬಹುದು. ಮುಷ್ಕರಕ್ಕೆ 14 ದಿನ ಮೊದಲೇ ನೋಟೀಸು ಕೊಡಬೇಕು. ಹಾಗಾದರೆ ಮೊದಲ ಬೇಡಿಕೆ ಏನಾಗಬೇಕು? ಸಂಬಳಕ್ಕೂ ಮೊದಲು ಹೆಸರು. ಹೋಬಳಿಯ ಬರಹಗಾರ, ಪ್ರೆಸ್ಸಿನವನು, ಬಂಡಲು ಕಟ್ಟುವವನು, ಎಲ್ಲರ ಹೆಸರೂ ಪಟ್ಟಿಯಲ್ಲಿರಲಿ. ಎರಡನೆಯದು, ನಷ್ಟ ಅನ್ನೋ ಧಣಿ ಮೂರು ವರ್ಷದ ಲೆಕ್ಕವನ್ನು ಮೇಜಿನ ಮೇಲಿಡಲಿ. ಮೂರನೆಯದು, ಕಡಿತ ಆಗಲೇಬೇಕಾದರೆ ಮೇಲಿನ ಸಂಬಳದಿಂದ ಶುರುವಾಗಲಿ.

ಶಾಲೆಯಲ್ಲಿ ಪತ್ರಿಕೆ ಓದಿಸುವ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ಇವತ್ತು ನಿಮ್ಮೂರ ಸುದ್ದಿ ಕಳಿಸುವವನನ್ನು ಹುಡುಕಿ ಮಾತಾಡಿಸಿ. ತಿಂಗಳಿಗೆ ಎಷ್ಟು ಕೊಡ್ತಾರಪ್ಪಾ ಅಂತ ಕೇಳಿ. ಅವನ ಉತ್ತರವನ್ನು ಯೂನಿಯನ್ನಿಗೂ ಬರೆಯಿರಿ, ಪತ್ರಿಕೆಯ ಸಂಪಾದಕರಿಗೂ ಬರೆಯಿರಿ. ಅವರು ಅಚ್ಚು ಮಾಡದಿದ್ದರೆ ನಮಗೆ ಕಳಿಸಿ.