ವರ್ಗಾವಣೆಯ ಕಾನೂನು ಮಾಸ್ತರರಿಗೆ ಮಾತ್ರವೇ?

ಕೃಷ್ಣಾ-ಭೀಮಾ ನದಿಗಳ ನಡುವಿನ ವಡಗೇರಾದಲ್ಲಿ ಕುಳಿತ ನಿವೃತ್ತ ಮಾಸ್ತರನಿಗೆ ದೆಹಲಿಯ ಗುಪ್ತಚರರ ಉಸಾಬರಿ ಏಕೆಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ನಗಲಿ. ಸೇವೆಯುದ್ದಕ್ಕೂ ವರ್ಗಾವಣೆಯನ್ನು ಕಂಡುಂಡವನಿಗೆ ಈ ವಿಷಯದಲ್ಲಿ ನಾಲ್ಕು ಮಾತಾಡುವ ಅಧಿಕಾರವಿದೆಯೆಂದು ನನ್ನ ಭಾವನೆ.

ನಮ್ಮ ರಾಜ್ಯದಲ್ಲಿ ಶಿಕ್ಷಕರ ವರ್ಗಾವಣೆಗೆಂದೇ 2007ರಲ್ಲಿ ಅಧಿನಿಯಮ ಬಂದಿತು. 2020ರಲ್ಲಿ ಹೊಸದೊಂದು ಬಂದಿತು. ಎ, ಬಿ, ಸಿ ವಲಯಗಳು, ಕೌನ್ಸೆಲಿಂಗ್, ಪತಿ-ಪತ್ನಿ ಪ್ರಕರಣ, ಎಲ್ಲಕ್ಕೂ ಲಿಖಿತ ನಿಯಮ. ಲೋಪಗಳಿಲ್ಲವೆಂದಲ್ಲ. ಆದರೂ ಅನ್ಯಾಯವಾದಾಗ ಯಾವ ಕಲಮಿನ ಪ್ರಕಾರ ಹೀಗೆ ಮಾಡಿದಿರೆಂದು ಕೇಳಬಹುದು. ಅಕ್ಷರ ಕಲಿಸುವವನ ವರ್ಗಾವಣೆಗೆ ಇಷ್ಟೊಂದು ಕಾನೂನು; ದೇಶದ ಗುಟ್ಟು ಕಾಯುವವರಿಗೆ?

ಕೇಂದ್ರದ ಗುಪ್ತಚರ ದಳ, ಅಂದರೆ ಐ.ಬಿ., 1887ರಲ್ಲಿ ಬ್ರಿಟಿಷರ ಆಡಳಿತದಲ್ಲಿ ಹುಟ್ಟಿದ್ದು. 1968ರಲ್ಲಿ ಅದರಿಂದ ಬೇರ್ಪಟ್ಟು 'ರಾ' ಆಯಿತು. ಇವೆರಡರ ಕರ್ತವ್ಯವೇನು, ಅಧಿಕಾರವೆಷ್ಟು ಎಂದು ಹೇಳುವ ಅಧಿನಿಯಮವನ್ನು ಸಂಸತ್ತು ಮಾಡಿಲ್ಲ. ಆದರೆ ಈ ಸಿಬ್ಬಂದಿ ಸಂಘ ಕಟ್ಟಬಾರದು, ಪತ್ರಿಕೆಗಳೊಡನೆ ಮಾತಾಡಬಾರದು ಎಂದು 1985ರಲ್ಲೇ ಕಾನೂನು ಮಾಡಿತು. ಬಾಯಿ ಮುಚ್ಚಿಸಲು ಕಾನೂನುಂಟು, ಕೆಲಸ ನಿರ್ಣಯಿಸಲು ಇಲ್ಲ! ಈ ವಿಪರೀತವನ್ನು ನ್ಯಾಯಾಲಯದ ಮುಂದಿಟ್ಟವರು ಕನ್ನಡಿಗರೇ ಆದ, ಐ.ಬಿ.ಯ ನಿವೃತ್ತ ಅಧಿಕಾರಿ ಆರ್.ಎನ್. ಕುಲಕರ್ಣಿಯವರು. ದಳಕ್ಕೆ ಕಾನೂನಿನ ಆಧಾರವೇನೆಂದು ಅವರು ಕರ್ನಾಟಕ ಹೈಕೋರ್ಟಿನಲ್ಲಿ ಅರ್ಜಿ ಸಲ್ಲಿಸಿದ್ದರು. 2022ರಲ್ಲಿ ಅವರು ತೀರಿಕೊಂಡರು, ಪ್ರಶ್ನೆ ಬದುಕಿದೆ. ಸಂಸದ ಮನೀಶ್ ತಿವಾರಿಯವರು 2011ರಲ್ಲಿ ತಂದ ಖಾಸಗಿ ವಿಧೇಯಕವೂ ಕಾನೂನಾಗಲಿಲ್ಲ.

ಈ ಸಿಬ್ಬಂದಿಯನ್ನು ಒಂದು ಸಂಸ್ಥೆಯಿಂದ ಮತ್ತೊಂದಕ್ಕೆ ಸರದಿಯ ಮೇಲೆ ಕಳುಹಿಸುವ ನಿಯಮವು ಅಂಥ ಕಾನೂನಿನಲ್ಲೇ ಇರಬೇಕೆಂಬುದು ನನ್ನ ವಾದ. ಶಾಲೆಯಲ್ಲಿ ಒಬ್ಬ ಮಾಸ್ತರ ಮತ್ತೊಬ್ಬನಿಗೆ ತರಗತಿ ಒಪ್ಪಿಸುವಾಗ ಹಾಜರಿ ಪುಸ್ತಕವನ್ನಷ್ಟೇ ಕೊಟ್ಟರೆ ಸಾಕೆ? ಯಾವ ಹುಡುಗನಿಗೆ ಕಣ್ಣು ಮಂದ, ಯಾವ ಹುಡುಗಿ ಹಸಿದು ಬರುತ್ತಾಳೆ ಎಂಬುದು ಪುಸ್ತಕದಲ್ಲಿರುವುದಿಲ್ಲ. ಕಡತವೂ ಹಾಗೆಯೇ. ಅದನ್ನು ಕಳುಹಿಸಬಹುದು, ಅದರ ಹಿಂದಿನ ಅನುಮಾನವನ್ನು ಕಳುಹಿಸಲಾಗದು. ಆ ಮೇಜಿನ ಮುಂದೆ ಕುಳಿತು ಬಂದವನಿಗಷ್ಟೇ ಅದು ತಿಳಿದೀತು.

1999ರ ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಸಮಿತಿಯು ಸಂಸ್ಥೆಗಳ ನಡುವಿನ ಸಮನ್ವಯದ ಕೊರತೆಯನ್ನು ಎತ್ತಿ ತೋರಿಸಿತು. ಬಳಿಕ ಮಾಹಿತಿ ಹಂಚಿಕೊಳ್ಳಲು ಬಹುಸಂಸ್ಥಾ ಕೇಂದ್ರವೊಂದು ಬಂದಿತು. ಆದರೂ 2008ರ ನವೆಂಬರಿನಲ್ಲಿ ಮುಂಬೈ ಉರಿಯಿತು. ಕಡಲ ಮಾರ್ಗದ ದಾಳಿಯ ಮುನ್ಸೂಚನೆಗಳಿದ್ದೂ ಉರಿಯಿತು. ಆಮೇಲೆ ಎನ್.ಐ.ಎ. ಎಂಬ ಇನ್ನೊಂದು ಸಂಸ್ಥೆ. ಪ್ರತಿ ಅನಾಹುತದ ತರುವಾಯ ಹೊಸ ಕಟ್ಟಡವೇಳುತ್ತದೆ. ಹಳೆಯ ಕಟ್ಟಡಗಳ ನಡುವಿನ ಗೋಡೆ ಹಾಗೇ ಉಳಿಯುತ್ತದೆ. ಅಮೆರಿಕೆಯವರು 2001ರ ದಾಳಿಯಿಂದ ಪಾಠ ಕಲಿತು 2004ರ ಕಾನೂನಿನಲ್ಲೇ ಸಿಬ್ಬಂದಿಯ ಸರದಿ ಸೇವೆಯನ್ನು ಸೇರಿಸಿದರು; ಬಡ್ತಿಯನ್ನೂ ಅದಕ್ಕೆ ಜೋಡಿಸಿದರು.

ಆಕ್ಷೇಪಣೆಗಳನ್ನು ಬಲ್ಲೆ. ಹೆಚ್ಚು ಜನ ಬಲ್ಲ ಗುಟ್ಟು ಗುಟ್ಟಲ್ಲ ಎಂಬುದೊಂದು. ಮಾಹಿತಿದಾರನ ನಂಬಿಕೆ ಗಳಿಸಲು ವರ್ಷಗಳು ಬೇಕು, ಅಷ್ಟರಲ್ಲಿ ಎತ್ತಂಗಡಿಯಾದರೆ ಗತಿಯೇನು ಎಂಬುದು ಇನ್ನೊಂದು. ಎರಡನೆಯದು ತೂಕದ ಮಾತು. ಭಾಷೆ ಕಲಿತು, ಜನರೊಳಗೆ ಬೆರೆತವನನ್ನು ಎರಡು ವರ್ಷಕ್ಕೊಮ್ಮೆ ಕಿತ್ತು ನೆಡಬೇಕೆಂದು ನಾನೂ ಹೇಳುವುದಿಲ್ಲ. ಹಿರಿಯ ಹುದ್ದೆಗೇರುವ ಮುನ್ನ ಒಮ್ಮೆ ಸೋದರ ಸಂಸ್ಥೆಯಲ್ಲಿ ಸೇವೆ, ಅಲ್ಲಿಂದ ಮರಳುವ ಹಕ್ಕು, ಜ್ಯೇಷ್ಠತೆಗೆ ರಕ್ಷಣೆ: ಇಷ್ಟು ಸಾಕು. ಮೊದಲನೆಯ ಆಕ್ಷೇಪಣೆಗೆ ಉತ್ತರವಾಗಿ, ಯಾರು ಏನನ್ನು ನೋಡಬಹುದೆಂಬುದನ್ನೂ ಕಾನೂನೇ ನಿಗದಿಪಡಿಸಲಿ.

ಬರೀ ಆದೇಶದ ಮೇಲೆ ಸರದಿ ಬೇಡವೆನ್ನುವುದೂ ಇದಕ್ಕಾಗಿಯೇ. ನಿಯಮವಿಲ್ಲದ ವರ್ಗಾವಣೆ ಪ್ರಾಮಾಣಿಕನಿಗೆ ಶಿಕ್ಷೆ, ಹೊಗಳುಭಟ್ಟನಿಗೆ ಬಹುಮಾನ. ಇದನ್ನು ಯಾವ ಸರ್ಕಾರಿ ನೌಕರನಿಗೂ ಬಿಡಿಸಿ ಹೇಳಬೇಕಿಲ್ಲ. ಮೇಲಿನವರಿಗೆ ರುಚಿಸದ ವರದಿ ಬರೆದ ಗುಪ್ತಚರನಿಗೂ ಕಾನೂನಿನ ಆಸರೆ ಬೇಕು. ಇಲ್ಲವಾದರೆ ಅವನು ರುಚಿಸುವುದನ್ನೇ ಬರೆದಾನು, ಅದರ ಬೆಲೆಯನ್ನು ನಾವು ತೆತ್ತೇವು.

ನಿಮ್ಮಲ್ಲಿ ಕೆಲವರು ಪೊಲೀಸ್ ಇಲಾಖೆಯಲ್ಲಿದ್ದೀರಿ, ಕೆಲವರು ವಕೀಲರಾಗಿದ್ದೀರಿ. ಮಾಸ್ತರರು ಹೇಳಿದರೆಂದು ಒಪ್ಪಬೇಡಿ; ತರಗತಿಯಲ್ಲಿ ಕೈಯೆತ್ತುತ್ತಿದ್ದಂತೆಯೇ ವಾದಿಸಿರಿ. ಆದರೆ ಮತ ಕೇಳಲು ಬರುವ ಲೋಕಸಭಾ ಅಭ್ಯರ್ಥಿಗೆ ಈ ಪ್ರಶ್ನೆಯನ್ನೊಮ್ಮೆ ಹಾಕಿ ನೋಡಿರಿ.