ಲೆಕ್ಕಿಗರ ಕೆಲಸ ಮುಗಿದಿಲ್ಲ



ಸರ್ಕಾರಿ ಲೆಕ್ಕಪತ್ರ ಹುದ್ದೆಗಳಿಗೆ ಇನ್ನು ಭವಿಷ್ಯವಿಲ್ಲ, ರಾಜ್ಯ ಖಜಾನೆಯ ‘ಖಜಾನೆ–2’ ತಂತ್ರಾಂಶವೇ ಎಲ್ಲವನ್ನೂ ನೋಡಿಕೊಳ್ಳುತ್ತದೆ, ಬಿ.ಕಾಂ. ಓದಿದವರು ಖಾಸಗಿ ಕಂಪನಿ ಸೇರಲಿ ಎಂದು ಪತ್ರಿಕೆಯ ಲೇಖನವೊಂದು ಮಂಡಿಸಿದ ವಾದವನ್ನು ಒಪ್ಪಲಾಗದು.

ಲೆಕ್ಕಶೀರ್ಷಿಕೆಯಲ್ಲಿ ಅನುದಾನ ಉಳಿದಿದೆಯೇ, ಬಿಲ್ಲು ಸರಿಯಾದ ಅಧಿಕಾರಿಯಿಂದ ಬಂದಿದೆಯೇ ಎಂಬುದನ್ನು ತಂತ್ರಾಂಶ ನೋಡುತ್ತದೆ. ಅಳತೆ ಪುಸ್ತಕದಲ್ಲಿರುವ ರಸ್ತೆ ಊರಿನಲ್ಲೂ ಇದೆಯೇ, ಒಂದೇ ಕಾಮಗಾರಿಗೆ ಎರಡು ಯೋಜನೆಗಳಿಂದ ಹಣ ಹೋಗಿದೆಯೇ, ಟೆಂಡರ್ ತಪ್ಪಿಸಲೆಂದೇ ಕೆಲಸವನ್ನು ತುಂಡು ಮಾಡಿದ್ದಾರೆಯೇ ಎಂದು ಕೇಳುವವರು ಲೆಕ್ಕಪರಿಶೋಧಕರು. 2024ರಲ್ಲಿ ಬಯಲಾದ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಅಕ್ರಮ ಹಣ ವರ್ಗಾವಣೆ ಪ್ರಕರಣ ನಡೆದದ್ದು ಕಂಪ್ಯೂಟರ್ ಇಲ್ಲದ ಕಾಲದಲ್ಲಲ್ಲ. ಖಾತೆಯಿಂದ ಖಾತೆಗೆ ಕೋಟಿಗಟ್ಟಲೆ ಹಣ ಸಾಗುವಾಗ ತಡೆದು ಪ್ರಶ್ನಿಸಬಲ್ಲ ಲೆಕ್ಕಾಧಿಕಾರಿ ಬೇಕೇ ಬೇಕು.

ಈ ಕ್ಷೇತ್ರದಲ್ಲಿ ಬೆಳೆಯಲು ದಾರಿಯಿಲ್ಲ ಎಂಬ ಲೇಖಕರ ಮಾತೂ ತಪ್ಪು. ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರಿ ಪರೀಕ್ಷೆ ಬರೆದು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಗೆ ಸಹಾಯಕ ನಿಯಂತ್ರಕರಾಗಿ ಸೇರಬಹುದು. ಯುಪಿಎಸ್‌ಸಿ ಮೂಲಕ ಭಾರತೀಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಸೇವೆಗೆ ಹೋಗಬಹುದು. ಈ ಕೆಲಸದ ಬಲವೂ ಕಡಿಮೆಯಲ್ಲ: ಸಂವಿಧಾನದ 151ನೇ ವಿಧಿಯಂತೆ ಮಹಾಲೆಕ್ಕಪರಿಶೋಧಕರ (ಸಿಎಜಿ) ವರದಿ ಶಾಸಕಾಂಗದ ಮುಂದೆ ಬರುತ್ತದೆ. ಕೆಳಹಂತದ ಕಚೇರಿಯಲ್ಲಿ ಪರಿಶೋಧಕರೊಬ್ಬರು ಎತ್ತಿದ ಆಕ್ಷೇಪಣೆಗೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೆದುರು ಇಲಾಖಾ ಕಾರ್ಯದರ್ಶಿಯೇ ಉತ್ತರಿಸಬೇಕಾಗಬಹುದು. ಇಂಥ ಬಲ ಯಾವ ಖಾಸಗಿ ಹುದ್ದೆಯಲ್ಲಿದೆ?

ನೇಮಕಾತಿ ವಿಳಂಬದ ಬಗ್ಗೆ ಲೇಖಕರ ದೂರು ನ್ಯಾಯವಾದದ್ದು. ಅದಕ್ಕೆ ಮದ್ದು ಖಾಲಿ ಹುದ್ದೆಗಳನ್ನು ಬೇಗ ತುಂಬಿಸುವುದು. ಓದಿದ ಮಕ್ಕಳನ್ನು ಈ ಸೇವೆಯಿಂದ ದೂರವಿಟ್ಟರೆ ಲಾಭವಾಗುವುದು ಲೆಕ್ಕ ಕೊಡಲು ಇಷ್ಟವಿಲ್ಲದವರಿಗೆ ಮಾತ್ರ.