ಮನೆಯ ಮಾತು: ಹಳದೀಪುರದ ಅರುಣಾ

ಈ ಸಲದ ನಮ್ಮ ಮಾತು ಮಕ್ಕಳ ಪರೀಕ್ಷೆಯದೂ ಅಲ್ಲ, ರಜೆಯಲ್ಲಿ ಊರಿಗೆ ಹೋಗುವ ಟಿಕೆಟ್ಟಿನದೂ ಅಲ್ಲ. ಹೆಂಗಸರು ಸಣ್ಣ ದನಿಯಲ್ಲಿ ಆಡಿ, ಗಂಡಸರು ಒಳಗೆ ಬಂದೊಡನೆ ನಿಲ್ಲಿಸಿಬಿಡುವ ವಿಷಯ. ಓದುಗ ಬಂಧುಗಳು ಪುಟ ಮಗುಚದೆ ಓದಬೇಕೆಂದು ವಿನಂತಿ.

ಹೊನ್ನಾವರದ ಬಳಿಯ ಹಳದೀಪುರದಿಂದ ಮುಂಬಯಿಗೆ ಬಂದು ದಾದಿಯಾದವಳು ಅರುಣಾ ಶಾನಭಾಗ. ನಮ್ಮ ನಿಮ್ಮ ಹಾಗೆಯೇ ಅನ್ನದ ದಾರಿ ಹುಡುಕಿ ಬಂದ ಹುಡುಗಿ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನೌಕರಿ, ಅಲ್ಲಿಯ ಡಾಕ್ಟರರೊಬ್ಬರೊಡನೆ ಮದುವೆಯೂ ನಿಶ್ಚಯವಾಗಿತ್ತು. 1973ನೆಯ ನವೆಂಬರ್ 27ರ ಸಂಜೆ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯನ್ನು ಅವಳ ಕೊರಳಿಗೆ ಬಿಗಿದು ಅತ್ಯಾಚಾರ ಮಾಡಿದ. ಮರುದಿನ ಬೆಳಿಗ್ಗೆ ಸಿಕ್ಕಾಗ ಜೀವವಿತ್ತು. ಆದರೆ ಮಿದುಳಿಗೆ ಪೆಟ್ಟಾಗಿ ಅವಳು ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ.

ಆತ ಸಿಕ್ಕಿಬಿದ್ದ, ಏಳು ವರ್ಷ ಶಿಕ್ಷೆಯೂ ಆಯಿತು. ಯಾವುದಕ್ಕೆ? ಕೊಲೆಯ ಪ್ರಯತ್ನಕ್ಕೆ ಮತ್ತು ದರೋಡೆಗೆ! ಅತ್ಯಾಚಾರದ ಆರೋಪ ಕಾಗದದ ಮೇಲೆ ಬರಲೇ ಇಲ್ಲ. ಆಗಿನ ಕಾನೂನಿನಲ್ಲಿ ಆ ಶಬ್ದದ ಅರ್ಥವೇ ಕಿರಿದಾಗಿತ್ತು. 2013ರಲ್ಲಷ್ಟೇ ಅದು ವಿಸ್ತಾರವಾಯಿತು. ಅದಲ್ಲದೆ, ಮದುವೆ ಗೊತ್ತಾದ ಹುಡುಗಿಯ ಹೆಸರು ಕೆಡಬಾರದೆಂದು ಹಿರಿಯರು ಸಂಗತಿಯನ್ನು ಮುಚ್ಚಿದರೆಂದೂ ಬರೆದವರಿದ್ದಾರೆ. ಕಡತಗಳ ನಡುವೆ ಆಯುಷ್ಯ ಸವೆಸುವ ನಮ್ಮಂಥ ಗುಮಾಸ್ತರಿಗೆ ಒಂದು ಗೊತ್ತು: ಬರೆಯದೆ ಬಿಟ್ಟದ್ದು ಸರಕಾರದ ಲೆಕ್ಕದಲ್ಲಿ ನಡೆದೇ ಇಲ್ಲ. ಮಾನ ಉಳಿಸಹೊರಟ ಮೌನದ ಲಾಭ ಯಾರಿಗಾಯಿತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಆ ಆಸ್ಪತ್ರೆಯ ದಾದಿಯರು ನಡೆದುಕೊಂಡ ರೀತಿಯೇ ಬೇರೆ. ಮೊದಲು ತಮ್ಮ ರಕ್ಷಣೆಗಾಗಿ ಮುಷ್ಕರ ಹೂಡಿದರು. ಆಮೇಲೆ ನಾಲ್ಕನೆಯ ವಾರ್ಡಿನ ಪಕ್ಕದ ಸಣ್ಣ ಕೋಣೆಯಲ್ಲಿ, ಪಾಳಿಯ ಮೇಲೆ ಪಾಳಿ, ಮೈ ಒರೆಸಿದರು, ಮಗ್ಗುಲು ಹೊರಳಿಸಿದರು, ನುರಿದ ಅನ್ನವನ್ನು ಬಾಯಿಗಿಟ್ಟರು. ಮೀನು ಅವಳಿಗೆ ಇಷ್ಟವೆಂಬುದೂ ಅವರಿಗೆ ಗೊತ್ತಿತ್ತು, ಕರಾವಳಿಯ ಮಗಳಲ್ಲವೆ! ಮೊದಲು ನೋಡಿಕೊಂಡವರು ನಿವೃತ್ತರಾದರು; 1973ರಲ್ಲಿ ಹುಟ್ಟಿಯೇ ಇರದ ಹುಡುಗಿಯರು ಆ ಕೆಲಸವನ್ನು ವಹಿಸಿಕೊಂಡರು. ದಯಾಮರಣದ ಅರ್ಜಿ ಬಂದಾಗ ಸುಪ್ರೀಂ ಕೋರ್ಟು 2011ರ ಮಾರ್ಚ್ 7ರಂದು, ಅವಳ ಪರವಾಗಿ ಮಾತಾಡತಕ್ಕವರು ಈ ಆಸ್ಪತ್ರೆಯವರೇ ಎಂದಿತು. ಅಷ್ಟು ವರ್ಷಗಳಲ್ಲಿ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗಿರಲಿಲ್ಲ. 2015ರ ಮೇ 18ರಂದು ತೀರಿಕೊಂಡಳು. ಹಾಗೆ ಬದುಕಿಸಿಟ್ಟದ್ದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. 42 ವರ್ಷ ಅವಳನ್ನು ಒಬ್ಬಂಟಿಯಾಗಿ ಬಿಡಲಿಲ್ಲ, ಅಷ್ಟನ್ನು ಮಾತ್ರ ನೋಡುತ್ತೇವೆ.

ನಮ್ಮ ಮನೆಗಳಲ್ಲಿ ಇಂಥದು ನಡೆದರೆ ಏನಾಗುತ್ತದೆ? "ಆ ಹೊತ್ತಿನಲ್ಲಿ ಅಲ್ಲಿಗೇಕೆ ಹೋಗಿದ್ದೆ?" ಎಂಬುದು ಮೊದಲ ಪ್ರಶ್ನೆ. "ಯಾರಿಗೂ ಹೇಳಬೇಡ" ಎಂಬುದು ಅಪ್ಪಣೆ. ಆಮೇಲೆ ರಾತ್ರಿಯ ಬಸ್ಸಿಗೆ ಹುಡುಗಿಯನ್ನು ಊರಿಗೆ ಸಾಗಿಸುವುದು. ಊರಿನ ಅಜ್ಜಿಗೂ ವಿಷಯ ತಿಳಿಯದು. ಹುಡುಗಿ ಬಾವಿಕಟ್ಟೆಯ ಬಳಿ ಒಬ್ಬಳೇ ಕೂತಿರುತ್ತಾಳೆ, ತಾನೇ ಏನೋ ಅಪರಾಧ ಮಾಡಿದವಳಂತೆ.

ಅದಕ್ಕೆ ಬದಲು ತಿಳಿದಿರಬೇಕಾದದ್ದಿದೆ. ಖಾಸಗಿ ಆಸ್ಪತ್ರೆಯಾದರೂ ಮೊದಲ ಚಿಕಿತ್ಸೆಯನ್ನು ಹಣ ಕೇಳದೆ ಕೊಡಲೇಬೇಕು. ತೊಟ್ಟ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಅವಳ ಹೆಸರನ್ನು ಪತ್ರಿಕೆಯಲ್ಲಿ ಹಾಕುವುದು ಅಪರಾಧ. ದೂರು ಕೊಡುವುದು ಬಿಡುವುದು ವಯಸ್ಸಿಗೆ ಬಂದ ಹೆಣ್ಣಿನ ಇಚ್ಛೆ. ಮಗುವಾದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆ ಹೇಳುತ್ತದೆ. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಮೊದಲಾದ 'ದಿಲಾಸಾ' ಕೇಂದ್ರದಲ್ಲಿ ನೊಂದ ಹೆಂಗಸರ ಮಾತು ಕೇಳುವವರಿದ್ದಾರೆ. ಮಹಿಳೆಯರ ಸಹಾಯವಾಣಿ 181.

ಒಂದು ತೊಡಕು ನಮ್ಮವರದೇ. ತಾಯಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು, ಠಾಣೆಯಲ್ಲಿ ಎಲ್ಲವೂ ಮರಾಠಿ. ನಮ್ಮ ಮಹಿಳಾ ವಿಭಾಗ ಅರಿಸಿನ ಕುಂಕುಮಕ್ಕೆ, ನಾಟಕಕ್ಕೆ ಸೊಗಸಾಗಿ ಒಟ್ಟುಗೂಡುತ್ತದೆ. ಠಾಣೆಗೆ, ಆಸ್ಪತ್ರೆಗೆ, ವರ್ಷಗಟ್ಟಲೆ ಎಳೆಯುವ ಕೋರ್ಟಿನ ತಾರೀಖಿಗೆ ಜೊತೆಯಲ್ಲಿ ಹೋಗಿ, ಆಕೆ ಹೇಳಿದ್ದನ್ನು ಇದ್ದ ಹಾಗೆ ಮರಾಠಿಯಲ್ಲಿ ತಿಳಿಸಲು ನಾಲ್ವರು ಮುಂದೆ ಬರಲಾರರೆ? ಒಪ್ಪುವ ಸೋದರಿಯರು ಸಂಘದ ಕಾರ್ಯದರ್ಶಿಗಳಿಗೆ ಬರೆಯಬಹುದು. ಲಕೋಟೆಯ ಮೇಲೆ 'ಖಾಸಗಿ' ಎಂದಿರಲಿ.